ಕೈಯಿಂದ ಹಾಕಿದ್ದು

ಟಿ. ನರಸೀಪುರ ತಾಲ್ಲೂಕಿನ ಒಂದು ಊರು. ಬಸ್ಸು ನಾಲೆಯ ಸೇತುವೆ ಹತ್ತಿರ ಇಳಿಸಿ ಹೋಗುತ್ತದೆ. ಏರಿ ಮೇಲೆ ನಡೆದರೆ ಮೊದಲು ಹಾಲಿನ ಡೇರಿ, ಆಮೇಲೆ ಮಾರಿಗುಡಿ, ಗುಡಿಯ ಬೆನ್ನಿಗೆ ಅಂಗನವಾಡಿ. ಒಂದು ಕೋಣೆ, ಅದಕ್ಕೆ ಆತುಕೊಂಡ ಅಡುಗೆಮನೆ, ಮುಂದೊಂದು ಗಿಡ್ಡ ಜಗಲಿ. ಗೋಡೆಯ ಮೇಲೆ ಬರೆಸಿದ್ದ ಆನೆಯ ಸೊಂಡಿಲು ಮಳೆಗೆ ಅಳಿಸಿಹೋಗಿದೆ. ಅದು ಆನೆಯೋ ಹಂದಿಯೋ ಎಂಬ ವಾದ ಮಕ್ಕಳಲ್ಲಿ ಇನ್ನೂ ಬಗೆಹರಿದಿಲ್ಲ.

ಜುಲೈ ತಿಂಗಳು. ನಾಲೆಗೆ ನೀರು ಬಿಟ್ಟಿದ್ದಾರೆ, ಗದ್ದೆಗಳಲ್ಲಿ ಒಟ್ಲು ಹಸಿರಾಗಿದೆ. ಒಂಬತ್ತಕ್ಕೆ ಆಯಮ್ಮ ಬಂದು ಬೀಗ ತೆಗೆದರು. ಕಾಗದದ ಮೇಲೆ ಅವರು ಸಹಾಯಕಿ, ಊರಿಗೆ ಆಯಮ್ಮ. ಕಸ ಗುಡಿಸಿ, ಬಾಗಿಲಿಗೆ ನೀರು ಹಾಕಿ, ನಲ್ಲಿ ನಿಲ್ಲುವುದರೊಳಗೆ ಎರಡು ಡ್ರಮ್ಮು ತುಂಬಿಸಿ, ಅಕ್ಕಿ ಆರಿಸಲು ಕೂತರು. ಒಂಬತ್ತೂವರೆಗೆ ಟೀಚರ್ ಬಂದರು. ಅವರ ಹಿಂದೆಯೇ ಒಂದೊಂದಾಗಿ ಮಕ್ಕಳು: ಅಜ್ಜಿಯ ಸೊಂಟದ ಮೇಲೆ, ಅಣ್ಣನ ಸೈಕಲ್ಲಿನ ಕ್ಯಾರಿಯರ್ ಮೇಲೆ, ಕೆಲವು ತಮ್ಮಷ್ಟಕ್ಕೆ ತಾವೇ, ಚಪ್ಪಲಿ ಅದಲುಬದಲು ಹಾಕಿಕೊಂಡು.

ಕೆಂಪು ಸ್ವೆಟರಿನ ಹುಡುಗ ಹೊಸಬ. ಮೂರು ತುಂಬಿ ತಿಂಗಳೂ ಆಗಿಲ್ಲ. ‘ಟೀಚರಮ್ಮಾ, ರಾತ್ರಿಯೆಲ್ಲಾ ಅವ್ವ ಅವ್ವ ಅಂತ ಅತ್ತವ್ನೆ, ಒಸಿ ನೋಡ್ಕಳಿ’ ಎಂದು ಅಜ್ಜಿ ಬಾಗಿಲಲ್ಲಿ ಇಳಿಸಿದ್ದೇ ತಡ, ಡೇರಿಯವರೆಗೂ ಕೇಳುವಂತೆ ಶುರುಮಾಡಿದ. ಅವನವ್ವ ಗಾರ್ಮೆಂಟ್ಸಿಗೆ ಹೋಗುವವಳು, ಬೆಳಗಿನ ಆರೂವರೆಯ ವ್ಯಾನು ಹತ್ತಿ ಆಗಿತ್ತು.

ಟೀಚರ್ ಅವನನ್ನು ಎತ್ತಿಕೊಳ್ಳಲಿಲ್ಲ, ರಮಿಸಲೂ ಇಲ್ಲ. ಮೊರದಲ್ಲಿ ಹುರುಳಿ, ಅವರೆ, ಅಲಸಂದೆ ಬೆರೆಸಿ ತಂದು ಅವನಿಂದ ಎರಡು ಮಾರು ದೂರದಲ್ಲಿ ಇಟ್ಟರು. ಅವನಿಗೆ ಬೆನ್ನು ಹಾಕಿ ಕೂತು ಉಳಿದ ಮಕ್ಕಳ ಜೊತೆ ಕಾಳು ಬೇರೆ ಮಾಡತೊಡಗಿದರು. ‘ಅಯ್ಯೋ, ಅವರೆಕಾಳು ಎಲ್ಲಿಗೋಯ್ತಪ್ಪ, ಯಾರ ಕಣ್ಣಿಗೂ ಬೀಳ್ತಿಲ್ವಲ್ಲ’ ಎಂದು ಗೊಣಗಿಕೊಂಡರು. ಅಳು ಕೊಂಚ ತಗ್ಗಿತು. ಇನ್ನೊಮ್ಮೆ ಗೊಣಗಿದರು. ಹುಡುಗ ಕೂತಲ್ಲಿಂದಲೇ ತೆವಳುತ್ತಾ ಮೊರದ ಬಳಿ ಬಂದ. ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಅವರೆಕಾಳು ಹಿಡಿದು, ಸಿಂಬಳ ಸುರಿಯುತ್ತಿದ್ದ ಹಾಗೇ, ಟೀಚರ ಬೆನ್ನಿಗೆ ಚುಚ್ಚಿದ. ಆಗ ಅವರು ತಿರುಗಿದರು. ‘ಓಹೋ, ನಿನ್ ಕಣ್ಣು ಚೆನ್ನಾಗಿದೆ ಕಣಯ್ಯ. ಇನ್ನೊಂದು ಹುಡುಕು.’

‘ಎತ್ಕೊಂಡಿದ್ರೆ ನಾಳೆಯೂ ಎತ್ಕೋಬೇಕು. ಇಪ್ಪತ್ತೆರಡು ಮಕ್ಕಳಿವೆ, ನಂಗಿರೋದು ಒಂದೇ ಸೊಂಟ’ ಎಂದು ನನಗೆ ಆಮೇಲೆ ಹೇಳಿದರು.

ಕಾಳು ಆರಿಸುವುದು ಹೊತ್ತು ಕಳೆಯುವ ಆಟವೆಂದು ನೋಡುವವರಿಗೆ ಅನ್ನಿಸಬಹುದು. ಆ ಎರಡು ಬೆರಳ ಹಿಡಿತ ಗಟ್ಟಿಯಾದರೆ ಮುಂದೆ ಪೆನ್ಸಿಲ್ ನಿಲ್ಲುತ್ತದೆ. ಬಣ್ಣ, ಗಾತ್ರ ನೋಡಿ ಗುಂಪು ಮಾಡುವುದು ಬಂದರೆ ಲೆಕ್ಕಕ್ಕೆ ಬುನಾದಿ ಬೀಳುತ್ತದೆ. ತನ್ನ ಸರದಿಗೆ ಕಾಯುವುದು, ಪಕ್ಕದವನ ಗುಡ್ಡೆಗೆ ಕೈ ಹಾಕದಿರುವುದು, ಇವೂ ಅದೇ ಮೊರದಲ್ಲಿ ನಡೆಯುವ ಪಾಠಗಳೇ. ಟೀಚರಿಗೆ ಇದೆಲ್ಲ ಗೊತ್ತು. ತರಬೇತಿಯಲ್ಲಿ ಅರ್ಧ ಕಲಿತದ್ದು, ಉಳಿದದ್ದು ಇಪ್ಪತ್ತು ವರ್ಷದಿಂದ ಇದೇ ನೆಲದ ಮೇಲೆ ಕೂತು ಕಲಿತದ್ದು. ಇಲಾಖೆಯ ‘ಚಿಲಿಪಿಲಿ’ ಪುಸ್ತಕ ಕಪಾಟಿನಲ್ಲಿದೆ, ಅದನ್ನು ತೆಗೆದು ನೋಡುವ ಪ್ರಮೇಯ ಅವರಿಗೆ ಅಷ್ಟಾಗಿ ಬರುವುದಿಲ್ಲ. ಕಥೆ ಹೇಳುವಾಗ ನರಿ ಬಾವಿಯ ಕಟ್ಟೆ ಹತ್ತಿದ ಜಾಗಕ್ಕೆ ಸರಿಯಾಗಿ ನಿಲ್ಲಿಸಿಬಿಡುತ್ತಾರೆ, ಮಾತೇ ಆಡದ ಮಗುವೂ ‘ಬಿದ್ದೋಯ್ತಾ?’ ಎಂದು ಕೇಳಲೇಬೇಕು.

ಅಡುಗೆಮನೆಯಿಂದ ಬೇಳೆ ಬೆಂದ ವಾಸನೆ ಬರತೊಡಗಿತು. ಹತ್ತೂವರೆಗೆ ಹಾಲು. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಶುರುವಾದಾಗಿನಿಂದ ಪುಡಿ ಕಲಸಿ ಕಾಯಿಸುವ ಕೆಲಸ ಆಯಮ್ಮನದು. ಗಂಟು ಕಟ್ಟದಂತೆ ಮೊದಲು ಉಗುರುಬೆಚ್ಚಗಿನ ನೀರಲ್ಲಿ ಕದಡಿ ಆಮೇಲೆ ಒಲೆಗೆ ಇಡಬೇಕು, ಇಲ್ಲದಿದ್ದರೆ ಮಕ್ಕಳು ನಾಲಿಗೆಯಿಂದ ಗಂಟು ತೆಗೆದು ಗೋಡೆಗೆ ಅಂಟಿಸುತ್ತವೆ. ಮಧ್ಯಾಹ್ನಕ್ಕೆ ಅನ್ನ ಸಾಂಬಾರು. ಇವತ್ತು ಮೊಟ್ಟೆಯ ದಿನ. ಬೇಯಿಸಿ, ಸುಲಿದು, ಚಿಕ್ಕವರಿಗೆ ನಾಲ್ಕು ಹೋಳು ಮಾಡಿ ಕೊಡಬೇಕು, ಇಡಿಯಾಗಿ ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹಳದಿ ಬೇಡ ಎನ್ನುವವನ ಹಳದಿಯನ್ನು ಅನ್ನದೊಳಗೆ ಕಿವುಚಿ ಸೇರಿಸುವುದೂ ಆಯಮ್ಮನ ಕಸುಬೇ. ಊಟದ ನಡುವೆ ಒಂದು ಮಗು ಚಡ್ಡಿಯಲ್ಲೇ ಮಾಡಿಕೊಂಡಿತು. ಆಯಮ್ಮ ಸೌಟು ಇಟ್ಟು, ಅದನ್ನು ಹಿತ್ತಿಲಿಗೆ ಕರೆದೊಯ್ದು ತೊಳೆದು, ಬೇರೆ ಚಡ್ಡಿ ಹಾಕಿ, ಸೋಪು ಹಚ್ಚಿ ಕೈ ತೊಳೆದು, ಮತ್ತೆ ಸೌಟು ಹಿಡಿದರು. ಯಾರೂ ಇದನ್ನು ಗಮನಿಸಲಿಲ್ಲ. ಟೀಚರೂ ತಲೆ ಎತ್ತಲಿಲ್ಲ.

ಕಾವೇರಿ ಕಪಿಲೆ ಕೂಡುವ ಈ ತಾಲ್ಲೂಕಿಗೆ ಅಂಗನವಾಡಿಯ ಚರಿತ್ರೆಯಲ್ಲಿ ಒಂದು ಹೆಸರಿದೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಪ್ರಯೋಗವಾಗಿ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಟಿ. ನರಸೀಪುರ. ಆ ಕಾಲಕ್ಕೆ ಮೆಟ್ರಿಕ್ ಆದ ಕಾರ್ಯಕರ್ತೆಗೆ ತಿಂಗಳಿಗೆ 150 ರೂಪಾಯಿ, ಆಗದವರಿಗೆ 100, ಸಹಾಯಕಿಗೆ 35. ಅದಕ್ಕೆ ಸಂಬಳವೆನ್ನಲಿಲ್ಲ, ಗೌರವಧನ ಎಂದು ದಾಖಲಿಸಿದರು. ಊರಿನ ಸೊಸೆಯೊಬ್ಬಳು ಬಿಡುವಿನ ಹೊತ್ತಿನಲ್ಲಿ ನಾಲ್ಕು ಮಕ್ಕಳನ್ನು ನೋಡಿಕೊಳ್ಳುತ್ತಾಳೆ, ಕೈಗೆ ಏನಾದರೂ ಕೊಡೋಣ ಎಂಬ ಲೆಕ್ಕ. ಇವತ್ತು ಕೇಂದ್ರ ಒಂಬತ್ತೂವರೆಯಿಂದ ನಾಲ್ಕರವರೆಗೆ ನಡೆಯುತ್ತದೆ. ಆದರೂ ಸರ್ಕಾರದ ಕಣ್ಣಿನಲ್ಲಿ ಅದು ಇನ್ನೂ ಬಿಡುವಿನ ಹೊತ್ತಿನ ಕೆಲಸ.

ಸರ್ಕಾರಿ ಯೋಜನೆ ಬರುವ ಮುಂಚೆಯೇ ಈ ಕೆಲಸವನ್ನು ಶಿಕ್ಷಣ ಎಂದೇ ನೋಡಿದವರಿದ್ದರು. 1940ರ ದಶಕದಲ್ಲಿ ಗುಜರಾತಿನ ಗಡಿಗೆ ತಾಗಿದ ಬೋರ್ಡಿಯಲ್ಲಿ, ಆಮೇಲೆ ಕೋಸಬಾಡದ ಗುಡ್ಡದಲ್ಲಿ ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಆದಿವಾಸಿ ಮಕ್ಕಳ ಅಂಗಳಕ್ಕೇ ಹೋಗಿ ಕೂತು ಬೀಜ, ಕಡ್ಡಿ, ಚಿಪ್ಪುಗಳಲ್ಲಿ ಪಾಠ ಮಾಡಿದರು. ಅಂಗನವಾಡಿ ಎಂಬ ಹೆಸರು, ಆ ಮಾದರಿ ಸರ್ಕಾರಿ ಯೋಜನೆಗೂ ಬಂತು. ಬರುವಾಗ ಅದು ಪೌಷ್ಟಿಕ ಆಹಾರದ ಬಾಗಿಲಿನಿಂದ ಬಂತು. ತೂಗುವುದು, ಉಣ್ಣಿಸುವುದು, ಚುಚ್ಚುಮದ್ದಿಗೆ ಕರೆತರುವುದು ಮುಂದಾಗಿ, ಕಲಿಸುವುದು ಆರರಲ್ಲಿ ಒಂದು ಸೇವೆಯಾಯಿತು. ಕಲಿಸುವವಳು ಟೀಚರ್ ಆಗದೆ ಕಾರ್ಯಕರ್ತೆಯಾದಳು. ನನಗನ್ನಿಸುವ ಪ್ರಕಾರ ಈ ಐವತ್ತು ವರ್ಷದ ಕೊಸರಾಟದ ಬೇರು ಅಲ್ಲಿದೆ. ಈಗ ದೆಹಲಿಯಿಂದ ಮತ್ತೆ ಓದಿನ ಮಾತು ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರನೇ ವಯಸ್ಸಿನಿಂದಲೇ ಶಿಕ್ಷಣವನ್ನು ಲೆಕ್ಕ ಹಿಡಿಯಿತು, 2023ರಲ್ಲಿ ‘ಪೋಷಣ್ ಭೀ ಪಢಾಯೀ ಭೀ’ ಎಂಬ ಕಾರ್ಯಕ್ರಮ ಬಂತು. ಕೆಲಸದ ಪಟ್ಟಿಯಲ್ಲಿ ಪಾಠ ಮೇಲಕ್ಕೆ ಹೋಯಿತು. ಸಂಬಳದ ಕಡೆ ಆ ಓಟ ಕಾಣಲಿಲ್ಲ.

ಎರಡು ಗಂಟೆ. ಮಕ್ಕಳು ಚಾಪೆಯ ಮೇಲೆ ಮಲಗಿದವು. ಟೀಚರಿಗೆ ಈಗ ಫೋನಿನ ಹೊತ್ತು. ಮೂವರು ಬಸುರಿಯರು, ಇಬ್ಬರು ಬಾಣಂತಿಯರು ಜಗಲಿಯಲ್ಲಿ ಕಾಯುತ್ತಿದ್ದರು. ಮನೆಗೆ ಕೊಡುವ ಆಹಾರದ ಪೊಟ್ಟಣ ಕೊಡಬೇಕಾದರೆ 2025ರ ಜುಲೈ 1ರಿಂದ ಮುಖ ತೋರಿಸಿ ದೃಢಪಡಿಸಲೇಬೇಕು. ಪೋಷಣ್ ಟ್ರ್ಯಾಕರ್ ಆ್ಯಪ್ ತೆರೆಯಿತು, ತಿರುಗಿತು, ನಿಂತಿತು. ಗುಡಿಯ ಹತ್ತಿರ ಸಿಗ್ನಲ್ ಚೆನ್ನಾಗಿದೆಯೆಂದು ಎಲ್ಲರೂ ಎದ್ದು ಮಾರಿಗುಡಿಯ ಕಟ್ಟೆಗೆ ಹೋದೆವು. ‘ಕಣ್ಣು ಮಿಟುಕ್ಸವ್ವ. ಇನ್ನೊಂದ್ಸಲ. ಸೆರಗು ತೆಗಿ, ಬಿಸಿಲು ನೋಡಬ್ಯಾಡ.’ ಒಬ್ಬಾಕೆಯ ಆಧಾರಿನ ಫೋಟೊ ಮದುವೆಗೆ ಮುಂಚಿನದು, ಈಗ ಮುಖ ದುಂಡಗಾಗಿದೆ, ಯಂತ್ರ ಒಪ್ಪಲಿಲ್ಲ. ‘ಆರು ತಿಂಗಳ ಬಸುರಿ ಅಂತ ಅದಕ್ಕೇನು ಗೊತ್ತು’ ಎಂದು ಆಕೆಯೇ ನಕ್ಕಳು. ಪೊಟ್ಟಣ ಇಲ್ಲವೆಂದು ಕಳಿಸುವ ಮನಸ್ಸು ಟೀಚರಿಗಿಲ್ಲ, ಕೊಟ್ಟರೆ ಲೆಕ್ಕ ಕೂಡುವುದಿಲ್ಲ. ನಾಳೆ ಮತ್ತೆ ಬಾ ಎಂದರು. ಆಕೆಗೆ ನಾಳೆ ನಾಟಿಯ ಕೂಲಿ ಇದೆ.

ಫೋನು ಮುಗಿದ ಮೇಲೆ ರಿಜಿಸ್ಟರುಗಳು. ಹಾಜರಿ, ದಾಸ್ತಾನು, ಬೆಳವಣಿಗೆ ನಕ್ಷೆ, ಮನೆ ಭೇಟಿ, ಚುಚ್ಚುಮದ್ದು. ಆ್ಯಪ್ ಬಂದ ಮೇಲೂ ಪುಸ್ತಕಗಳು ಹೋಗಿಲ್ಲ. ಇವೆಲ್ಲದರ ಕೆಳಗೆ ಇನ್ನೊಂದು ಪುಸ್ತಕ ಇತ್ತು, ಮಕ್ಕಳು ಕಾಪಿ ಬರೆಯುವ ಇನ್ನೂರು ಪುಟದ್ದು. ಇಲಾಖೆಗೆ ಅದರ ವಿಷಯ ಗೊತ್ತಿಲ್ಲ. ಹೊದಿಕೆಯ ಮೇಲೆ ನೀಲಿ ಶಾಯಿಯಲ್ಲಿ ‘ಕೈಯಿಂದ ಹಾಕಿದ್ದು’ ಎಂದು ಬರೆದಿತ್ತು.

ಟೀಚರ್ ಮೊದಲು ತೋರಿಸಲು ಹಿಂದೆಮುಂದೆ ನೋಡಿದರು. ತೆರೆದ ಮೇಲೆ ತಾವೇ ಓದಿ ಹೇಳಿದರು. ಸಿಲಿಂಡರು ತುಂಬಿಸಿದ್ದು. ಮೊಟ್ಟೆ. ಮೊಟ್ಟೆ. ತರಕಾರಿ, ಸಾಸಿವೆ, ಕರಿಬೇವು. ರೀಚಾರ್ಜು. ಮೀಟಿಂಗಿಗೆ ಜೆರಾಕ್ಸು. ಮೊಟ್ಟೆ. ಫಿನಾಯಿಲು, ಪೊರಕೆ. ತೂಕದ ಯಂತ್ರಕ್ಕೆ ಸೆಲ್ಲು. ಬಾಲವಿಕಾಸ ಸಮಿತಿಯ ಖಾತೆಗೆ ದುಡ್ಡು ಬಂದಾಗ ಬಂದ ಬಾಬ್ತಿನ ಮುಂದೆ ಗುರುತು ಹಾಕುತ್ತಾರೆ. ಕೆಲವು ಸಾಲುಗಳ ಮುಂದೆ ಗುರುತಿಲ್ಲ. ಮೊಟ್ಟೆಗೆ ಸರ್ಕಾರ ಕಟ್ಟಿದ ದರ ಒಂದು, ಅಂಗಡಿಯವನು ಹೇಳುವುದು ಇನ್ನೊಂದು, ನಡುವಿನ ವ್ಯತ್ಯಾಸ ಮೊಟ್ಟೆಯೊಂದಕ್ಕೆ ಒಂದು ರೂಪಾಯಿಯೇ ಇರಲಿ, ಅದನ್ನು ಕೇಳಲು ಯಾವ ಫಾರಂ ಇಲ್ಲ. ಅಂಗಡಿಯವನು ಟೀಚರ ಹೆಸರಿಗೆ ಸಾಲ ಬರೆದುಕೊಳ್ಳುತ್ತಾನೆ, ಇಲಾಖೆಯ ಹೆಸರಿಗೆ ಬರೆದುಕೊಳ್ಳುವುದಿಲ್ಲ. ‘ನಿಮ್ ಮುಖ ನೋಡಿ ಕೊಡ್ತೀನಿ’ ಅನ್ನುತ್ತಾನಂತೆ.

ನಾವು ಸಾಮಾನ್ಯವಾಗಿ ಕೇಳುವುದು ಸರ್ಕಾರ ಈ ಹೆಂಗಸರಿಗೆ ಎಷ್ಟು ಕೊಡುತ್ತಿದೆ ಎಂದು. ಈ ಪುಸ್ತಕ ನೋಡಿದ ಮೇಲೆ ಲೆಕ್ಕ ತಿರುಗಿ ಕಾಣುತ್ತದೆ. ಇವರು ಸರ್ಕಾರಕ್ಕೆ ಬಡ್ಡಿಯಿಲ್ಲದೆ ಕೈಗಡ ಕೊಡುತ್ತಿದ್ದಾರೆ. ರಾಜ್ಯದಲ್ಲಿ ಇಂಥ ಕೇಂದ್ರಗಳು 65,000ಕ್ಕೂ ಹೆಚ್ಚಿವೆ. ಪ್ರತಿಯೊಂದರಲ್ಲೂ ಇನ್ನೂರು ಪುಟದ ಪುಸ್ತಕ ಇರಲಿಕ್ಕಿಲ್ಲ, ಬರೆದಿಡದವರೂ ಇದ್ದಾರು. ಕೈಗಡವಂತೂ ನಡೆದೇ ಇದೆ.

ಕೈಗೆ ಬರುವ ದುಡ್ಡಿನ ಕಥೆ ಹೀಗಿದೆ. ಕೇಂದ್ರ ಸರ್ಕಾರ 2011ರಲ್ಲಿ ಕಾರ್ಯಕರ್ತೆಗೆ 3,000, ಸಹಾಯಕಿಗೆ 1,500 ಎಂದು ಗೊತ್ತುಮಾಡಿತು. ಏಳು ವರ್ಷ ಕಳೆದು 2018ರ ಅಕ್ಟೋಬರಿನಿಂದ ಅದು 4,500 ಮತ್ತು 2,250 ಆಯಿತು. ಈ ಮೊತ್ತವನ್ನೂ ಕೇಂದ್ರ ಪೂರ್ತಿ ಕೊಡುವುದಿಲ್ಲ, ನೂರಕ್ಕೆ ನಲವತ್ತು ರಾಜ್ಯದ್ದು. ಆ ಅಂಕಿಯ ಮೇಲೆ ಪ್ರತಿ ರಾಜ್ಯವೂ ತನ್ನ ಕೈಲಾದಷ್ಟು ಸೇರಿಸುತ್ತದೆ. ಕರ್ನಾಟಕ ಸೇರಿಸುತ್ತಾ ಬಂದಿದೆ. 2025ರ ಮಾರ್ಚಿನ ಬಜೆಟ್ಟಿನಲ್ಲಿ ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ಹೆಚ್ಚಿಸಿದ ಮೇಲೆ ಸೇವೆಯ ವರ್ಷ ನೋಡಿಕೊಂಡು ಟೀಚರಿಗೆ 12,000ದ ಆಸುಪಾಸು, ಆಯಮ್ಮನಿಗೆ 7,000ದ ಆಸುಪಾಸು ಬರುತ್ತದೆ. 2023ರ ಚುನಾವಣೆಯಲ್ಲಿ ಕಾಂಗ್ರೆಸ್ ಹೇಳಿದ್ದು 15,000. ಆಯಮ್ಮನ ಮೊತ್ತವನ್ನು ಇಪ್ಪತ್ತಾರು ದಿನಕ್ಕೆ ಹಂಚಿದರೆ ದಿನಕ್ಕೆ 300 ರೂಪಾಯಿಯನ್ನೂ ಮುಟ್ಟುವುದಿಲ್ಲ. ಅದೇ 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ 370 ಇತ್ತು. ನಾಲೆಯ ಹೂಳೆತ್ತಿದರೆ ಸಿಗುವಷ್ಟು, ಇಪ್ಪತ್ತೆರಡು ಮಕ್ಕಳಿಗೆ ಬೇಯಿಸಿ ಬಡಿಸಿ ತೊಳೆದರೆ ಸಿಗುವುದಿಲ್ಲ. ಇದನ್ನು ಆಯಮ್ಮನಿಗೆ ಹೇಳಿದಾಗ ಅವರಿಗೇನೂ ಆಶ್ಚರ್ಯವಾಗಲಿಲ್ಲ. ‘ಹೂಳು ಎತ್ತಕ್ಕೂ ಓಗಿದ್ದೆ ಕನಪ್ಪ, ರಜದಲ್ಲಿ’ ಎಂದರು.

ಕನಿಷ್ಠ ಕೂಲಿಯ ಕಾಯ್ದೆ ಇವರಿಗೆ ಯಾಕಿಲ್ಲ? ಕೊಡುವುದು ಗೌರವಧನ, ಮಾಡುವುದು ಸೇವೆ, ಇವರು ನೌಕರರಲ್ಲ ಎಂಬುದು ಸರ್ಕಾರಗಳ ಹಳೆಯ ಉತ್ತರ. ಆ ಉತ್ತರಕ್ಕೆ ಬಲ ಸಿಕ್ಕಿದ್ದು ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ. ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ನಡುವಿನ ಪ್ರಕರಣದಲ್ಲಿ, ಅಂಗನವಾಡಿಯವರದು ಸಿವಿಲ್ ಹುದ್ದೆಯಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2013ರ ಮೇ ತಿಂಗಳಲ್ಲಿ ನಡೆದ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಇವರನ್ನು ಕಾರ್ಮಿಕರೆಂದು ಒಪ್ಪಿ ಕನಿಷ್ಠ ವೇತನ, ಪಿಂಚಣಿ ಕೊಡಿ ಎಂದು ಶಿಫಾರಸು ಮಾಡಿತು. ಸರ್ಕಾರದವರೂ ಮಾಲೀಕರೂ ಸಂಘದವರೂ ಒಟ್ಟಿಗೆ ಕೂತು ಮಾಡಿದ ಆ ಶಿಫಾರಸು ಕಡತದಲ್ಲೇ ಉಳಿಯಿತು. 2022ರ ಏಪ್ರಿಲ್ 25ರಂದು ಅದೇ ಸುಪ್ರೀಂ ಕೋರ್ಟಿನಲ್ಲಿ ಗಾಳಿ ಬೇರೆ ಕಡೆಯಿಂದ ಬೀಸಿತು. ಗುಜರಾತಿನ ಮಣಿಬೆನ್ ಭರಿಯಾ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಅಜಯ್ ರಸ್ತೋಗಿ, ಅಭಯ್ ಓಕಾ ಅವರ ಪೀಠ ಇವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದು ತೀರ್ಪಿತ್ತಿತು. ಮೂರರಿಂದ ಆರು ವರ್ಷದವರಿಗೆ ಅಂಗನವಾಡಿಯಲ್ಲಿ ನಡೆಯುವುದು ಅಪ್ಪಟ ಶೈಕ್ಷಣಿಕ ಚಟುವಟಿಕೆ ಎಂದು ಓಕಾ ಬರೆದರು. ಬಾಕಿಗೆ ಶೇ 10ರ ಬಡ್ಡಿಯನ್ನೂ ಸೇರಿಸಿ ಕೊಡಿ ಎಂದರು. ಮೊರದ ಕಾಳು ಪಾಠವೆಂದು ಕೋರ್ಟೊಂದು ಒಪ್ಪಲು ನಲವತ್ತೇಳು ವರ್ಷ ಬೇಕಾಯಿತು.

ಕೋರ್ಟಿಗಿಂತ ಹೆಚ್ಚಾಗಿ ಇವರಿಗೆ ಕೊಡಿಸಿದ್ದು ಬೀದಿ. ಟೀಚರು 2017ರ ಮಾರ್ಚಿನ ಮಾತು ತೆಗೆದರು. ಬೆಂಗಳೂರಿನ ಫ್ರೀಡಂ ಪಾರ್ಕಿಗೆ ರಾಜ್ಯದ ಎಲ್ಲ ದಿಕ್ಕಿನಿಂದ ಸಾವಿರಾರು ಹೆಂಗಸರು ಬಂದು, ಪಾರ್ಕು ಸಾಲದೆ ಶೇಷಾದ್ರಿ ರಸ್ತೆಗೆ ಇಳಿದು, ನಾಲ್ಕು ದಿನ ಅಲ್ಲೇ ಉಂಡು ಮಲಗಿದರು. ಎಳೆಗೂಸು ಎತ್ತಿಕೊಂಡು ಬಂದವರಿದ್ದರು. ‘ಟಾರು ರೋಡು ಹಗಲೆಲ್ಲ ಕಾದು ರಾತ್ರಿ ಹನ್ನೆರಡಾದ್ರೂ ಬಿಸಿ ಆರ್ತಿರಲಿಲ್ಲ. ಪ್ಲೆಕ್ಸು ಹರಡಿಕೊಂಡು ಮಲಗ್ತಿದ್ವಿ. ಯಾವ್ದೋ ಲೀಡರಿನ ಮುಖದ ಮೇಲೆ’ ಎಂದು ನಕ್ಕರು. ಟ್ರಾಫಿಕ್ ನಿಂತಿತೆಂದು ಊರಿನವರು ಬೈದರು, ಅಕ್ಕಪಕ್ಕದ ಹೋಟೆಲಿನವರು ನೀರು ಕೊಟ್ಟರು. ಆ ವರ್ಷ ಗೌರವಧನ 8,000ಕ್ಕೆ ಏರಿತು. ಅಲ್ಲಿಂದೀಚೆಗೆ ಬಂದ ಸಾವಿರ, ಸಾವಿರದೈನೂರರ ಹಿಂದೆಯೂ ಒಂದೊಂದು ಧರಣಿ ಇದೆ. 2024ರಲ್ಲಿ ಹೋದದ್ದು ದುಡ್ಡಿಗಾಗಿ ಮಾತ್ರ ಅಲ್ಲ. ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆದರೆ ಮೂರು ತುಂಬಿದ ಮಕ್ಕಳೆಲ್ಲ ಅತ್ತ ಹೋಗಿ ತಮ್ಮ ಚಾಪೆ ಖಾಲಿಯಾಗುತ್ತದೆ ಎಂಬ ಹೆದರಿಕೆಗೆ. ಕಲಿಸುವ ಕೆಲಸ ನಮ್ಮದೇ, ನಮ್ಮಲ್ಲೇ ತೆರೆಯಿರಿ ಎಂದು ಕೂತರು. ಸಂಬಳ ಸಾಲದ ಕೆಲಸವನ್ನು ಕಸಿಯಬೇಡಿ ಎಂದು ಬಿಸಿಲಲ್ಲಿ ಕೂರುವವರನ್ನು ನಾನಂತೂ ಬೇರೆ ಯಾವ ಇಲಾಖೆಯಲ್ಲೂ ಕಂಡಿಲ್ಲ.

ಧರಣಿಗೆ ಹೋದ ದಿನಗಳ ಗೌರವಧನ ಹಿಡಿಯುತ್ತೇವೆಂದು ನೋಟಿಸು ಬರುವುದೂ ಉಂಟು. ಧರಣಿಗೆ ಹೋಗದೆ ಉಳಿದವರ ಮೇಲೆ ಎರಡು ಕೇಂದ್ರದ ಹೊರೆ ಬೀಳುತ್ತದೆ. ಗೃಹಲಕ್ಷ್ಮಿಯ ಅರ್ಜಿಗೆ ಮನೆ ಮನೆ ತಿರುಗಿದ್ದೂ, ಮತದಾರರ ಪಟ್ಟಿ ತಿದ್ದುವುದೂ ಇವರೇ. ಇವೆಲ್ಲ ಹೇಳುತ್ತಾ ಹೋದರೆ ಬೇರೆಯದೇ ಲೇಖನವಾದೀತು.

ಮೂರೂವರೆಗೆ ಮಕ್ಕಳು ಎದ್ದವು. ಮುಖ ತೊಳೆಸಿ, ತಲೆ ಬಾಚಿ, ಬಾಗಿಲಲ್ಲಿ ನಿಲ್ಲಿಸಿ ಬಂದವರ ಕೈಗೆ ಒಪ್ಪಿಸಿದ್ದಾಯಿತು. ಆಯಮ್ಮ ಪಾತ್ರೆ ಉಜ್ಜಿ ಕವುಚಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಟೀಚರ ಮುಂದೆ ಬಂದು ಕೂತರು. ಅವರಿಗೀಗ ಐವತ್ತೆಂಟು. ಇನ್ನೆರಡು ವರ್ಷಕ್ಕೆ ಬಿಡಬೇಕು, ಆಗ ಇಪ್ಪತ್ತೊಂಬತ್ತು ವರ್ಷದ ಸೇವೆಯಾಗುತ್ತದೆ. ಗ್ರಾಚ್ಯುಟಿ ಎಂಬುದು ಎಷ್ಟಾಗಬಹುದು ಎಂದು ಅವರು ಒಂದು ವಾರದಿಂದ ಕೇಳುತ್ತಿದ್ದಾರಂತೆ. ಟೀಚರ್ ಹಳೇ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಬರೆದರು. ತಿಂಗಳಿಗೆ 7,000 ಎಂದಿಟ್ಟುಕೊಂಡರೆ, ಇಪ್ಪತ್ತಾರರಿಂದ ಭಾಗಿಸಿ, ಹದಿನೈದರಿಂದ ಗುಣಿಸಿ, ವರ್ಷಕ್ಕೆ 4,038. ಅದನ್ನು ಇಪ್ಪತ್ತೊಂಬತ್ತರಿಂದ ಗುಣಿಸಿದರು. ಒಮ್ಮೆ ತಪ್ಪಿ, ಅಳಿಸಿ, ಫೋನಿನಲ್ಲಿ ಮಾಡಿದರು. 1,17,000 ಚಿಲ್ಲರೆ.

‘ಅಷ್ಟೂ ಒಂದೇ ಸಲ ಬತ್ತದಾ?’

‘ಕಾಗದ ಸರಿಯಾಗಿದ್ರೆ ಒಂದೇ ಸಲ. ನಿಮ್ ಸೇರಿದ ಆರ್ಡರು ಎಲ್ಲಿದೆ ಆಯಮ್ಮ?’

‘ಪೆಟ್ಟಿಗೇಲಿತ್ತು. ಇಲಿ ಮೂಲೆ ತಿಂದದೆ, ಹೆಸ್ರು ತಿಂದಿಲ್ಲ.’

‘ನಾಳೆ ತನ್ನಿ, ಜೆರಾಕ್ಸ್ ಮಾಡಿಸೋಣ.’

ಆಯಮ್ಮ ಸ್ವಲ್ಪ ಹೊತ್ತು ಬೆರಳು ಮಡಿಸುತ್ತಾ ಕೂತರು. ಮನೆಯ ಮುಂದಿನ ಅಂಕಣಕ್ಕೆ ಹೆಂಚು ಒಡೆದು ಮೂರು ಮಳೆಗಾಲವಾಯಿತು, ಶೀಟು ಹಾಕಿಸಿದರೆ ಎಷ್ಟು ಬೇಕಾಗುತ್ತದೆ ಎಂದು ಕೇಳಿದರು. ಸಿಮೆಂಟಿನದೋ ಕಬ್ಬಿಣದ್ದೋ ಎಂದರು ಟೀಚರ್. ಸಿಮೆಂಟಿನದಾದರೆ ಬೇಸಿಗೆಯಲ್ಲಿ ತಡೆಯಬಹುದು, ಕಬ್ಬಿಣದ್ದಾದರೆ ಮಳೆ ಬಂದಾಗ ಮಾತೇ ಕೇಳುವುದಿಲ್ಲ. ಬನ್ನೂರಿನಲ್ಲಿ ಕಡಿಮೆಗೆ ಸಿಗುತ್ತದೆ, ಸಾಗಿಸುವ ಬಾಡಿಗೆ ಸೇರಿದರೆ ನರಸೀಪುರದ್ದೇ ವಾಸಿ ಎಂದು ಇಬ್ಬರಿಗೂ ವಾದ ಹತ್ತಿತು. ಗೋಡೆ ಮೊದಲು ಎತ್ತರಿಸಬೇಕೆಂದು ಟೀಚರ್, ಗೋಡೆಗೆ ಕೈ ಹಾಕಿದರೆ ಆ ದುಡ್ಡು ಅಲ್ಲೇ ಮುಗಿಯುತ್ತದೆಂದು ಆಯಮ್ಮ. ನನ್ನ ಬಸ್ಸಿನ ಹೊತ್ತಾಗಿತ್ತು.